ಇಂಟರ್‌ಮೀಡಿಯೆಟ್ ನಂತರ ಲೆಕ್ಕಶಾಸ್ತ್ರದ ಮೂರು ದಾರಿಗಳು

ಮಕ್ಕಳ ವಿಷಯದಲ್ಲಿ ತಂದೆತಾಯಿಗಳು ಕೈಗೊಳ್ಳಬೇಕಾದ ತೀರ್ಮಾನಗಳು ಹಲವು. ಅವುಗಳಲ್ಲಿ ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಆಗುವ ವ್ಯಾಸಂಗದ ಆಯ್ಕೆ ಬಹು ದೂರಗಾಮಿಯಾದುದು. ಒಂದು ನಿವೇಶನವನ್ನು ಕೊಳ್ಳುವಾಗ ನಾವು ಹತ್ತು ಕಾಗದಪತ್ರಗಳನ್ನು ಪರಿಶೀಲಿಸುತ್ತೇವೆ, ವಕೀಲರನ್ನು ಕಾಣುತ್ತೇವೆ, ಮೂವತ್ತು ವರ್ಷಗಳ ಋಣಭಾರ ಪತ್ರವನ್ನು ತೆಗೆಸುತ್ತೇವೆ. ಆದರೆ ಮಗನ ಅಥವಾ ಮಗಳ ಐದಾರು ವರ್ಷಗಳ ಆಯುಷ್ಯವನ್ನು ತೊಡಗಿಸುವ ವ್ಯಾಸಂಗದ ವಿಷಯದಲ್ಲಿ, ಫಲಿತಾಂಶ ಬಂದ ಹದಿನೈದು ದಿನಗಳೊಳಗೆ, ನೆರೆಮನೆಯವರ ಮಾತು ಮತ್ತು ಗೋಡೆಗಳ ಮೇಲಿನ ಜಾಹೀರಾತುಗಳ ಒತ್ತಡದಲ್ಲಿ ತೀರ್ಮಾನ ಮುಗಿದುಹೋಗಿರುತ್ತದೆ.

ನಮ್ಮ ದಿಲ್‌ಸುಖ್‌ನಗರದ ಮುಖ್ಯ ರಸ್ತೆಯಲ್ಲಿ ನಡೆದುಹೋಗುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೋಚಿಂಗ್ ಸಂಸ್ಥೆಗಳು ಮತ್ತು ವಿದ್ಯಾರ್ಥಿ ನಿಲಯಗಳಿಂದ ತುಂಬಿದ ಬಡಾವಣೆಯಿದು. ಇಲ್ಲಿಗೆ ಕಲಬುರಗಿ, ಬೀದರ, ರಾಯಚೂರು ಕಡೆಗಳಿಂದಲೂ ಓದಲೆಂದು ಮಕ್ಕಳು ಬರುತ್ತಾರೆ. ಇದರಲ್ಲಿ ಆಶ್ಚರ್ಯವಿಲ್ಲ. 1956ರ ನವೆಂಬರ್ 1ರವರೆಗೆ ಆ ಮೂರೂ ಜಿಲ್ಲೆಗಳು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸೀಮೆಯ ಕನ್ನಡಿಗನಿಗೆ ಈ ಪಟ್ಟಣ ಪರಸ್ಥಳವೆನ್ನಿಸಿದ್ದು ಇತ್ತೀಚೆಗೆ ಮಾತ್ರ. ಕರ್ನಾಟಕದಲ್ಲಿ ಪಿ.ಯು.ಸಿ. ಎಂದು ಕರೆಯುವುದನ್ನು ಇಲ್ಲಿ 'ಇಂಟರ್' ಎನ್ನುತ್ತಾರೆ. ವಾಣಿಜ್ಯಕ್ಕೆ ಹೋಗುವವರಿಗೆ ಇಲ್ಲಿ ಎರಡು ಮುಖ್ಯ ಗುಂಪುಗಳಿವೆ: ಗಣಿತ, ಅರ್ಥಶಾಸ್ತ್ರ, ವಾಣಿಜ್ಯಗಳ ಎಂ.ಇ.ಸಿ.; ಪೌರನೀತಿ, ಅರ್ಥಶಾಸ್ತ್ರ, ವಾಣಿಜ್ಯಗಳ ಸಿ.ಇ.ಸಿ. ಇವೆರಡರಿಂದ ಹೊರಬಂದ ವಿದ್ಯಾರ್ಥಿಗೆ ಎದುರಾಗುವ ಪ್ರಶ್ನೆ ಒಂದೇ: ಸಿ.ಎ. ಓದುವುದೋ, ಸಿ.ಎಂ.ಎ. ಓದುವುದೋ, ಸಿ.ಎಸ್. ಓದುವುದೋ?

ಈ ಮೂರು ವ್ಯಾಸಂಗಗಳ ಸ್ವರೂಪವನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕುಳಿತು ಈ ಮೂರು ವೃತ್ತಿಯವರ ಸಹಿಯುಳ್ಳ ಕಾಗದಗಳನ್ನು ದಿನನಿತ್ಯ ಓದುವ ನನ್ನಂಥವನಿಗೆ ಒಂದು ಮಾತು ಸ್ಪಷ್ಟವಾಗಿದೆ. ಇವು ಒಂದೇ ಏಣಿಯ ಮೇಲಿನ, ನಡುವಿನ, ಕೆಳಗಿನ ಮೆಟ್ಟಿಲುಗಳಲ್ಲ. ಮೂರು ಬೇರೆ ಬೇರೆ ಕೆಲಸಗಳಿಗೆ ಒಯ್ಯುವ ಮೂರು ದಾರಿಗಳು. ಆದುದರಿಂದ ಯಾವುದು ದೊಡ್ಡದು ಎಂದು ಕೇಳುವ ಮೊದಲು, ಯಾವ ಕೆಲಸವನ್ನು ನಮ್ಮ ಮಗು ಇಪ್ಪತ್ತೈದು ವರ್ಷಗಳ ಕಾಲ ಬೇಸರವಿಲ್ಲದೆ ಮಾಡಬಲ್ಲದು ಎಂದು ಕೇಳಬೇಕು.

ಮೂರು ಸಂಸ್ಥೆಗಳು

ಈ ಮೂರು ಅರ್ಹತೆಗಳನ್ನು ನೀಡುವುದು ವಿಶ್ವವಿದ್ಯಾನಿಲಯಗಳಲ್ಲ; ಸಂಸತ್ತಿನ ಶಾಸನಗಳಿಂದ ಅಧಿಕಾರ ಪಡೆದ ಮೂರು ವೃತ್ತಿ ಸಂಸ್ಥೆಗಳು. ಭಾರತೀಯ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಸ್ಥಾಪನೆಯಾದದ್ದು 1949ರ ಜುಲೈ 1ರಂದು. ನಮ್ಮ ಸಂವಿಧಾನ ಜಾರಿಗೆ ಬರುವುದಕ್ಕೂ ಮೊದಲೇ ಹುಟ್ಟಿದ ಸಂಸ್ಥೆಯಿದು. ವೆಚ್ಚ ಲೆಕ್ಕಿಗರ ಸಂಸ್ಥೆ 1944ರಲ್ಲಿ ಒಂದು ಕಂಪನಿಯಾಗಿ ನೋಂದಣಿಗೊಂಡು, 1959ರ ಶಾಸನದಿಂದ ಶಾಸನಬದ್ಧ ಸಂಸ್ಥೆಯಾಯಿತು. ಇದರ ಪ್ರಧಾನ ಕಚೇರಿ ಕೋಲ್ಕತ್ತದಲ್ಲಿದೆ. ಹಿಂದೆ ನಮ್ಮ ಹಿರಿಯರು 'ಐ.ಸಿ.ಡಬ್ಲ್ಯು.ಎ.' ಎನ್ನುತ್ತಿದ್ದುದು ಇದನ್ನೇ. 2012ರಲ್ಲಿ ಸಂಸ್ಥೆಯ ಹೆಸರು ಬದಲಾಗಿ, ಈಗ ಅದರ ಸದಸ್ಯರು ಸಿ.ಎಂ.ಎ. ಎನ್ನಿಸಿಕೊಳ್ಳುತ್ತಾರೆ. ಕಂಪನಿ ಸೆಕ್ರೆಟರಿಗಳ ಸಂಸ್ಥೆ 1968ರಲ್ಲಿ ಆರಂಭವಾಗಿ, 1980ರ ಶಾಸನದ ಮೂಲಕ ಈಗಿನ ರೂಪ ತಳೆಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. 'ಸಿ.ಎಂ.ಎ.' ಎಂಬ ಮೂರಕ್ಷರ ಅಮೆರಿಕದ ಒಂದು ಸಂಸ್ಥೆ ನೀಡುವ ಪ್ರಮಾಣಪತ್ರಕ್ಕೂ ಇದೆ. ಜಾಹೀರಾತುಗಳಲ್ಲಿ ಎರಡೂ ಒಂದೇ ಎಂಬಂತೆ ತೋರಬಹುದು. ಹಾಗೆಯೇ ಲಂಡನ್ ಮೂಲದ ಎ.ಸಿ.ಸಿ.ಎ. ಎಂಬ ಅರ್ಹತೆಯೂ ಈಗ ಇಲ್ಲಿ ಪ್ರಚಾರದಲ್ಲಿದೆ. ಬಹುರಾಷ್ಟ್ರೀಯ ಕಂಪನಿಗಳ ಕಚೇರಿಗಳಲ್ಲಿ ಇವುಗಳಿಗೆ ಮನ್ನಣೆಯುಂಟು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಭಾರತದ ಕಾನೂನಿನ ಮೇರೆಗೆ ಕಂಪನಿಯೊಂದರ ಲೆಕ್ಕಪರಿಶೋಧನೆಗೆ ಸಹಿ ಹಾಕುವ ಹಕ್ಕು ಇವುಗಳಿಂದ ಬರುವುದಿಲ್ಲ. ಹಣ ಕಟ್ಟುವ ಮೊದಲು, ಯಾವ ದೇಶದ ಯಾವ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ ಎಂಬುದನ್ನು ಬರಹದಲ್ಲಿ ನೋಡಿ ತಿಳಿದುಕೊಳ್ಳುವುದು ಒಳ್ಳೆಯದು.

ಒಂದು ಕಾರ್ಖಾನೆ, ಮೂವರು ತಜ್ಞರು

ಈ ಮೂರು ವೃತ್ತಿಗಳ ವ್ಯತ್ಯಾಸವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ನಮ್ಮ ಸೇಡಂ ಕಡೆಯಲ್ಲಾಗಲಿ ತಾಂಡೂರಿನ ಕಡೆಯಲ್ಲಾಗಲಿ ಸುಣ್ಣಕಲ್ಲಿನ ನೆಲವಿರುವುದರಿಂದ ಸಿಮೆಂಟ್ ಕಾರ್ಖಾನೆಗಳಿವೆ. ಅಂಥ ಒಂದು ಕಾರ್ಖಾನೆಯನ್ನು ನಡೆಸುವ, ಷೇರು ಪೇಟೆಯಲ್ಲಿ ಹೆಸರು ನಮೂದಿಸಿದ ಒಂದು ಕಂಪನಿಯಿದೆ ಎಂದಿಟ್ಟುಕೊಳ್ಳೋಣ.

ವರ್ಷಾಂತ್ಯದಲ್ಲಿ ಈ ಕಂಪನಿ ತನ್ನ ಲಾಭ-ನಷ್ಟದ ತಃಖ್ತೆಯನ್ನೂ ಬ್ಯಾಲೆನ್ಸ್ ಶೀಟನ್ನೂ ಸಿದ್ಧಪಡಿಸುತ್ತದೆ. 'ಈ ಲೆಕ್ಕ ಕಂಪನಿಯ ನಿಜಸ್ಥಿತಿಯನ್ನು ತೋರುತ್ತದೆಯೇ?' ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಚಾರ್ಟರ್ಡ್ ಅಕೌಂಟೆಂಟರು. ದಾಸ್ತಾನು ಪುಸ್ತಕದಲ್ಲಿದ್ದಷ್ಟು ಕಲ್ಲಿದ್ದಲು ಅಂಗಳದಲ್ಲಿದೆಯೇ, ಬರಬೇಕಾದ ಬಾಕಿಗಳು ವಸೂಲಾಗುವಂಥವೇ, ಬ್ಯಾಂಕಿನಲ್ಲಿ ಇದೆಯೆಂದ ಹಣ ನಿಜವಾಗಿ ಇದೆಯೇ ಎಂದು ಅವರು ಪರೀಕ್ಷಿಸುತ್ತಾರೆ. 2013ರ ಕಂಪನಿ ಕಾಯಿದೆಯ ಪ್ರಕಾರ ಈ ಶಾಸನಬದ್ಧ ಪರಿಶೋಧನೆಗೆ ಅವರಲ್ಲದೆ ಅನ್ಯರಿಗೆ ಅಧಿಕಾರವಿಲ್ಲ. ಆದಾಯ ತೆರಿಗೆಗೆ ಸಂಬಂಧಿಸಿದ ಪರಿಶೋಧನೆಯೂ ಅವರ ಕ್ಷೇತ್ರವೇ.

ಎರಡನೆಯ ಪ್ರಶ್ನೆ ಬೇರೆ: 'ಒಂದು ಚೀಲ ಸಿಮೆಂಟಿಗೆ ನಮಗೆ ತಗಲುವ ವೆಚ್ಚವೆಷ್ಟು? ಕಳೆದ ತಿಂಗಳಿಗಿಂತ ಈ ತಿಂಗಳು ಅದು ಏಕೆ ಹೆಚ್ಚಾಯಿತು?' ಸುಣ್ಣಕಲ್ಲಿಗೆಷ್ಟು, ಕಲ್ಲಿದ್ದಲಿಗೆಷ್ಟು, ವಿದ್ಯುತ್ತಿಗೆಷ್ಟು, ಕೂಲಿಗೆಷ್ಟು, ಯಂತ್ರ ನಿಂತುಹೋದ ಗಂಟೆಗಳಿಂದಾದ ನಷ್ಟವೆಷ್ಟು ಎಂದು ಬಿಡಿಸಿ ಹೇಳುವವರು ವೆಚ್ಚ ಲೆಕ್ಕಿಗರು. ಸಿಮೆಂಟ್, ಔಷಧಿ, ಸಕ್ಕರೆ, ವಿದ್ಯುತ್ ಮುಂತಾದ ಉದ್ಯಮಗಳಲ್ಲಿ ನಿಗದಿತ ವಹಿವಾಟು ಮೀರಿದ ಕಂಪನಿಗಳು 2014ರ ನಿಯಮಗಳಂತೆ ವೆಚ್ಚದ ದಾಖಲೆಗಳನ್ನು ಇಟ್ಟು, ವೆಚ್ಚ ಲೆಕ್ಕಿಗರಿಂದ ಪರಿಶೋಧನೆ ಮಾಡಿಸಬೇಕು. ಇವರ ಕಾಲು ಕಚೇರಿಯಲ್ಲಿರುವಷ್ಟೇ ಕಾರ್ಖಾನೆಯ ಅಂಗಳದಲ್ಲಿಯೂ ಇರುತ್ತದೆ. ಔಷಧಿ ಕೈಗಾರಿಕೆಗೂ ಸಾರ್ವಜನಿಕ ಉದ್ಯಮಗಳಿಗೂ ಹೆಸರಾದ ಹೈದರಾಬಾದಿನಲ್ಲಿ ಈ ವಿದ್ಯೆಗೆ ಸಹಜವಾದ ನೆಲೆಯಿದೆ. ಬಳ್ಳಾರಿ ಸೀಮೆಯ ದೋಣಿಮಲೈ ಗಣಿಯನ್ನು ನಡೆಸುವ ಎನ್.ಎಂ.ಡಿ.ಸಿ.ಯ ಪ್ರಧಾನ ಕಚೇರಿ ಇರುವುದೂ ಇದೇ ಊರಿನಲ್ಲಿ.

ಮೂರನೆಯ ಪ್ರಶ್ನೆ ಹೀಗಿದೆ: 'ಕಂಪನಿ ಕೈಗೊಂಡ ನಿರ್ಣಯ ಕಾನೂನಿಗೆ ಅನುಗುಣವಾಗಿದೆಯೇ? ಷೇರುದಾರರಿಗೆ ಸಕಾಲದಲ್ಲಿ ತಿಳಿಸಲಾಯಿತೇ?' ಇದಕ್ಕೆ ಹೊಣೆಗಾರರು ಕಂಪನಿ ಸೆಕ್ರೆಟರಿ. ನಿರ್ದೇಶಕ ಮಂಡಲಿಯ ಸಭೆ ಕರೆಯುವುದು, ನಡವಳಿ ಬರೆಯುವುದು, ರಿಜಿಸ್ಟ್ರಾರರಿಗೂ ಷೇರು ಪೇಟೆಗೂ ವರದಿ ಸಲ್ಲಿಸುವುದು, ಕಾನೂನು ಬದಲಾದಾಗ ಮಂಡಲಿಯನ್ನು ಎಚ್ಚರಿಸುವುದು ಇವರ ಕರ್ತವ್ಯ. ಷೇರು ಪೇಟೆಯಲ್ಲಿ ನಮೂದಾದ ಎಲ್ಲ ಕಂಪನಿಗಳೂ 10 ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಪಾವತಿಯಾದ ಬಂಡವಾಳವಿರುವ ಇತರ ಪಬ್ಲಿಕ್ ಕಂಪನಿಗಳೂ ಪೂರ್ಣಕಾಲಿಕ ಸೆಕ್ರೆಟರಿಯನ್ನು ಹೊಂದಿರಲೇಬೇಕು. 2020ರಿಂದ ಅದೇ ಪ್ರಮಾಣದ ಬಂಡವಾಳವಿರುವ ಖಾಸಗಿ ಕಂಪನಿಗಳಿಗೂ ಈ ನಿಯಮ ಅನ್ವಯಿಸುತ್ತದೆ. ಇಲ್ಲಿ ಅಂಕಿಗಳಿಗಿಂತ ಭಾಷೆಗೆ ಕೆಲಸ ಹೆಚ್ಚು. ಒಂದು ವಾಕ್ಯದಲ್ಲಿ 'ಮಾಡಬಹುದು' ಎಂದಿದೆಯೋ 'ಮಾಡತಕ್ಕದ್ದು' ಎಂದಿದೆಯೋ ಎಂದು ಗಮನಿಸುವ ಸ್ವಭಾವ ಇದಕ್ಕೆ ಬೇಕು.

ಈಗ ವಾಚಕರು ತಮ್ಮ ಮನೆಯ ಮಗುವನ್ನು ನೆನೆದುಕೊಳ್ಳಲಿ. ಅಂಗಡಿಯ ಚೀಟಿ ತಾಳೆಯಾಗದಿದ್ದರೆ ತಾಳೆಯಾಗುವವರೆಗೂ ಬಿಡದವರು ಕೆಲವರು. ಒಂದು ಯಂತ್ರ ಹೇಗೆ ಓಡುತ್ತದೆ, ಒಂದು ಹೋಟೆಲಿಗೆ ಒಂದು ದೋಸೆಯಲ್ಲಿ ಉಳಿಯುವುದೆಷ್ಟು ಎಂದು ಕುತೂಹಲಪಡುವವರು ಕೆಲವರು. ಚೆನ್ನಾಗಿ ಓದಿ, ಚೆನ್ನಾಗಿ ಬರೆದು, ನಿಯಮ ಹೀಗಿದೆ ಎಂದು ವಾದಿಸುವವರು ಇನ್ನು ಕೆಲವರು. ಇವು ಚಿಕ್ಕ ಲಕ್ಷಣಗಳೆನ್ನಿಸಬಹುದು. ಆದರೆ ಆಯ್ಕೆಗೆ ನೆರೆಮನೆಯ ಹುಡುಗನ ಸಂಬಳಕ್ಕಿಂತ ಇವು ಉತ್ತಮ ಆಧಾರ.

ಪರೀಕ್ಷೆಗಳೂ ತರಬೇತಿಯೂ

ಮೂರು ವ್ಯಾಸಂಗಗಳಿಗೂ ಮೂರು ಹಂತಗಳು ಸಾಮಾನ್ಯ. ವಾಣಿಜ್ಯ ವಿಭಾಗವನ್ನೇ ಓದಿರಬೇಕೆಂಬ ಕಡ್ಡಾಯ ಯಾವುದರಲ್ಲಿಯೂ ಇಲ್ಲ.

ಸಿ.ಎ.ಯಲ್ಲಿ ಮೊದಲ ಹಂತ ಫೌಂಡೇಶನ್: ಲೆಕ್ಕಶಾಸ್ತ್ರ, ವ್ಯಾಪಾರ ಕಾನೂನು, ಗಣಿತ-ಸಂಖ್ಯಾಶಾಸ್ತ್ರ ಮತ್ತು ಅರ್ಥಶಾಸ್ತ್ರದ 4 ಪತ್ರಿಕೆಗಳು. ನೋಂದಣಿಯ ನಂತರ 4 ತಿಂಗಳ ಓದು ಇರಬೇಕು. ವಸ್ತುನಿಷ್ಠ ಮಾದರಿಯ ಎರಡು ಪತ್ರಿಕೆಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಎರಡನೆಯದು ಇಂಟರ್‌ಮೀಡಿಯೆಟ್: ಎರಡು ಗುಂಪುಗಳಲ್ಲಿ 6 ಪತ್ರಿಕೆಗಳು, 8 ತಿಂಗಳ ಓದು. ಎರಡು ಗುಂಪುಗಳನ್ನೂ ಮುಗಿಸಿದ ಬಳಿಕ ಆರ್ಟಿಕಲ್‌ಶಿಪ್, ಅಂದರೆ ವೃತ್ತಿನಿರತ ಲೆಕ್ಕಪರಿಶೋಧಕರ ಕಚೇರಿಯಲ್ಲಿ ತರಬೇತಿ. ಹಿಂದೆ 3 ವರ್ಷವಿದ್ದ ಈ ಅವಧಿಯನ್ನು 2023ರಲ್ಲಿ ಬಂದ ಹೊಸ ಯೋಜನೆ 2 ವರ್ಷಕ್ಕೆ ಇಳಿಸಿತು. ತರಬೇತಿ ಮುಗಿದು 6 ತಿಂಗಳಾದ ಮೇಲೆ 6 ಪತ್ರಿಕೆಗಳ ಫೈನಲ್ ಪರೀಕ್ಷೆ.

ಸಿ.ಎಂ.ಎ.ಯಲ್ಲಿ 2022ರ ಪಠ್ಯಕ್ರಮದಂತೆ ಫೌಂಡೇಶನ್ 4 ಪತ್ರಿಕೆಗಳು, ಇಂಟರ್‌ಮೀಡಿಯೆಟ್ 8, ಫೈನಲ್ 8. ಪ್ರಾಯೋಗಿಕ ತರಬೇತಿ 15 ತಿಂಗಳು. ಸಿ.ಎಸ್.ನಲ್ಲಿ 2020ರಿಂದ ಫೌಂಡೇಶನ್ನಿನ ಬದಲು ಪ್ರವೇಶ ಪರೀಕ್ಷೆಯಿದೆ. ಅದರಲ್ಲಿ ವ್ಯಾವಹಾರಿಕ ಇಂಗ್ಲಿಷ್, ಅರ್ಥಶಾಸ್ತ್ರಗಳಿಗೆ ಪ್ರಾಧಾನ್ಯ. ಆಮೇಲೆ ಎಕ್ಸಿಕ್ಯುಟಿವ್ ಹಂತ 7 ಪತ್ರಿಕೆಗಳು, ಪ್ರೊಫೆಷನಲ್ ಹಂತ 7; ತರಬೇತಿ 21 ತಿಂಗಳು. ನಿಯಮಗಳು ಆಗಾಗ ಬದಲಾಗುವುದರಿಂದ, ನೋಂದಣಿಗೆ ಮೊದಲು ಆಯಾ ಸಂಸ್ಥೆಯ ಪ್ರಕಟಣೆಯನ್ನು ನೇರವಾಗಿ ಓದತಕ್ಕದ್ದು. ಮೂರು ಸಂಸ್ಥೆಗಳ ಶಾಖೆಗಳೂ ನಮ್ಮ ನಗರದಲ್ಲಿವೆ.

ತಂದೆತಾಯಿಗಳು ಸಾಮಾನ್ಯವಾಗಿ ಅರಿಯದಿರುವುದು ಉತ್ತೀರ್ಣತೆಯ ಲೆಕ್ಕಾಚಾರವನ್ನು. ಸಿ.ಎ.ಯಲ್ಲಿ ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಅಂಕ ಬರಬೇಕು. ಅದರ ಜೊತೆಗೆ ಗುಂಪಿನ ಒಟ್ಟು ಅಂಕ ಶೇಕಡ 50 ಇರಬೇಕು. ಮೂರು ಪತ್ರಿಕೆಗಳ ಗುಂಪಿನಲ್ಲಿ ಮೂವರು ವಿದ್ಯಾರ್ಥಿಗಳನ್ನು ನೋಡೋಣ. ಮೊದಲನೆಯವನ ಅಂಕಗಳು 70, 52, 39, ಒಟ್ಟು 161. ಎರಡನೆಯವಳದು 48, 47, 49, ಒಟ್ಟು 144. ಮೂರನೆಯವಳದು 62, 48, 41, ಒಟ್ಟು 151. ಮೊದಲನೆಯವನು ಎಲ್ಲರಿಗಿಂತ ಹೆಚ್ಚು ಅಂಕ ಗಳಿಸಿಯೂ ಒಂದು ಪತ್ರಿಕೆಯಲ್ಲಿ ಒಂದು ಅಂಕ ಕಡಿಮೆಯಾದುದರಿಂದ ಅನುತ್ತೀರ್ಣ. ಎರಡನೆಯವಳು ಎಲ್ಲ ಪತ್ರಿಕೆಗಳಲ್ಲಿಯೂ 40 ದಾಟಿದರೂ ಒಟ್ಟು 150 ಮುಟ್ಟದೆ ಅನುತ್ತೀರ್ಣಳು. ಮೂರನೆಯವಳು ಮಾತ್ರ ಉತ್ತೀರ್ಣಳು. ಆದುದರಿಂದ 'ಫೇಲಾದ' ಎಂಬ ಒಂದು ಪದದ ಹಿಂದೆ ಎಷ್ಟು ಪರಿಶ್ರಮವಿರಬಹುದು ಎಂಬುದನ್ನು ಮನೆಯವರು ಅಂಕಪಟ್ಟಿ ನೋಡಿ ತಿಳಿಯಬೇಕು. ಇಂಟರ್‌ನಲ್ಲಿ ತೊಂಬತ್ತೈದು ಪ್ರತಿಶತ ಪಡೆದ ಮಗುವಿಗೆ ಇಲ್ಲಿ ನಲವತ್ತೆಂಟು ಬಂದರೆ, ಅದು ಹಠಾತ್ತನೆ ದಡ್ಡನಾಯಿತೆಂದು ಅರ್ಥವಲ್ಲ. ಅಳೆಯುವ ಕೋಲು ಬದಲಾಗಿದೆ.

ಸಾಲ ಕೊಡುವವನ ನಾಲ್ಕು ಪ್ರಶ್ನೆಗಳು

ಒಂದು ಉದ್ಯಮಕ್ಕೆ ಸಾಲ ಮಂಜೂರು ಮಾಡುವ ಮೊದಲು ಬ್ಯಾಂಕಿನವರು ನಾಲ್ಕು ಪ್ರಶ್ನೆಗಳನ್ನು ಕೇಳುತ್ತಾರೆ: ಉದ್ದೇಶವೇನು, ಅವಧಿ ಎಷ್ಟು, ಸ್ವಂತ ಪಾಲು ಎಷ್ಟು, ಯೋಜನೆ ತಡವಾದರೆ ಆಧಾರವೇನು? ಇವೇ ನಾಲ್ಕನ್ನು ವ್ಯಾಸಂಗದ ಆಯ್ಕೆಗೂ ಅನ್ವಯಿಸಬಹುದು.

ಮೊದಲನೆಯದು ಉದ್ದೇಶ. ಸ್ವಂತ ಕಚೇರಿ ತೆರೆಯುವ ಬಯಕೆಯಿದ್ದರೆ ಸಿ.ಎ.ಗೆ ಇರುವ ವ್ಯಾಪ್ತಿ ದೊಡ್ಡದು. ಚಿಕ್ಕ ಊರಿನಲ್ಲಿಯೂ ತೆರಿಗೆ ಮತ್ತು ಲೆಕ್ಕಪರಿಶೋಧನೆಯ ಕೆಲಸ ಸಿಕ್ಕುತ್ತದೆ. ಬೀದರ, ಯಾದಗಿರಿಗೆ ಹಿಂದಿರುಗಿ ನೆಲೆಸಬೇಕೆನ್ನುವವರು ಇದನ್ನು ಗಮನಿಸಬೇಕು. ಉತ್ಪಾದನಾ ಉದ್ಯಮದಲ್ಲಿಯೋ ಸಾರ್ವಜನಿಕ ಉದ್ಯಮದಲ್ಲಿಯೋ ನೌಕರಿ ಬಯಸುವವರಿಗೆ ಸಿ.ಎಂ.ಎ. ಸಹಜ, ಅಲ್ಲಿನ ಹಣಕಾಸು ಹುದ್ದೆಗಳ ಜಾಹೀರಾತುಗಳಲ್ಲಿ ಸಿ.ಎ. ಮತ್ತು ಸಿ.ಎಂ.ಎ. ಎರಡನ್ನೂ ಜೊತೆಯಾಗಿ ಕೇಳುವುದು ವಾಡಿಕೆ. ಕಾನೂನಿನ ಕಡೆ ಒಲವಿರುವವರಿಗೆ, ಮುಂದೆ ಎಲ್‌ಎಲ್.ಬಿ. ಓದಬಯಸುವವರಿಗೆ ಸಿ.ಎಸ್. ಹೊಂದುತ್ತದೆ. ಆದರೆ ಸೆಕ್ರೆಟರಿಯ ನೌಕರಿ ದೊಡ್ಡ ಕಂಪನಿಗಳಿರುವ ನಗರಗಳಲ್ಲಿ ಹೆಚ್ಚು, ತಾಲ್ಲೂಕು ಪಟ್ಟಣಗಳಲ್ಲಿ ವಿರಳ ಎಂಬುದನ್ನೂ ಹೇಳಲೇಬೇಕು.

ಎರಡನೆಯದು ಅವಧಿ. ಎಲ್ಲ ಪರೀಕ್ಷೆಗಳೂ ಮೊದಲ ಪ್ರಯತ್ನದಲ್ಲಿಯೇ ಮುಗಿದರೆ ಮೂರರಲ್ಲಿ ಯಾವುದಕ್ಕಾದರೂ ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ. ಆದರೆ ಎಲ್ಲವೂ ಮೊದಲ ಬಾರಿಗೆ ಮುಗಿಯುವುದು ವಿರಳ. ಆರು ಏಳು ವರ್ಷ ಬೇಕಾದರೂ ಕುಟುಂಬ ತಾಳಬಲ್ಲದೇ ಎಂಬುದನ್ನು ಮೊದಲೇ ಕೂತು ಲೆಕ್ಕ ಹಾಕಬೇಕು. ತಂದೆಯ ನಿವೃತ್ತಿ ಯಾವ ವರ್ಷ, ತಂಗಿಯ ಓದಿನ ಖರ್ಚು ಯಾವಾಗ, ಊರಿನಲ್ಲಿರುವ ಅಜ್ಜ ಅಜ್ಜಿಯರ ಹೊಣೆ ಎಷ್ಟು ಎಂಬ ವಿಷಯಗಳೂ ಈ ಲೆಕ್ಕದೊಳಗೆ ಬರುತ್ತವೆ.

ಮೂರನೆಯದು ಸ್ವಂತ ಪಾಲು, ಅಂದರೆ ಹಣ. ಸಂಸ್ಥೆಗಳ ನೋಂದಣಿ ಮತ್ತು ಪರೀಕ್ಷಾ ಶುಲ್ಕ ಎಂಜಿನಿಯರಿಂಗ್ ವ್ಯಾಸಂಗದ ವೆಚ್ಚಕ್ಕೆ ಹೋಲಿಸಿದರೆ ಸಣ್ಣ ಮೊತ್ತ. ವೆಚ್ಚವೇರುವುದು ಖಾಸಗಿ ಕೋಚಿಂಗಿನಿಂದ ಮತ್ತು ವಿದ್ಯಾರ್ಥಿ ನಿಲಯದ ವಾಸದಿಂದ. ಪಠ್ಯಪುಸ್ತಕ, ಮಾದರಿ ಪ್ರಶ್ನೆಪತ್ರಿಕೆಗಳನ್ನು ಸಂಸ್ಥೆಗಳೇ ಒದಗಿಸುತ್ತವೆ, ಸಿ.ಎ. ಸಂಸ್ಥೆ ಉಚಿತವಾದ ಅಂತರಜಾಲ ತರಗತಿಗಳನ್ನೂ ನಡೆಸುತ್ತದೆ. ಕೋಚಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. ಮೂರು ಹಂತಗಳ ಶುಲ್ಕವನ್ನು ಒಟ್ಟಿಗೇ ಮುಂಗಡವಾಗಿ ಕೇಳಿದಾಗ ಮಾತ್ರ ಎರಡು ಸಲ ಯೋಚಿಸಬೇಕು. ಫೌಂಡೇಶನ್ ಫಲಿತಾಂಶ ಬರುವ ಮೊದಲೇ ಫೈನಲ್ ತರಗತಿಗೆ ಹಣ ಕಟ್ಟುವುದು, ಪಾಯ ತೋಡುವ ಮೊದಲೇ ಹೆಂಚು ಕೊಂಡಂತೆ. ಒಂದೊಂದು ಹಂತಕ್ಕೆ ಪ್ರತ್ಯೇಕವಾಗಿ ಕಟ್ಟಿ, ರಸೀದಿ ಪಡೆದು, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸು ಬರುವ ಷರತ್ತನ್ನು ಓದಿ ಮುಂದುವರಿಯುವುದು ಕ್ಷೇಮ. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಸಿ.ಎ., ವೆಚ್ಚ ಲೆಕ್ಕಶಾಸ್ತ್ರ ಮುಂತಾದ ವ್ಯಾಸಂಗಗಳಿಗೂ ಸ್ಥಾನವಿದೆ. ಆದರೆ ಖಾಸಗಿ ಕೋಚಿಂಗಿನ ಶುಲ್ಕಕ್ಕೆ ಆ ಸಾಲ ದೊರೆಯುವುದೇ ಎಂಬುದನ್ನು ನಿಮ್ಮ ಶಾಖೆಯಲ್ಲಿ ವಿಚಾರಿಸದೆ ಯಾರಿಗೂ ಮಾತು ಕೊಡಬೇಡಿ.

ನಾಲ್ಕನೆಯದು ಆಧಾರ. ಇದಕ್ಕೆ ನನ್ನ ಉತ್ತರ ಒಂದೇ: ಪದವಿ. ವೃತ್ತಿ ವ್ಯಾಸಂಗದ ಭರದಲ್ಲಿ ಬಿ.ಕಾಂ. ಅನ್ನು ಅರ್ಧಕ್ಕೆ ಬಿಟ್ಟವರ ಪಾಡು ಕಠಿಣ. ಫೈನಲ್ ಮುಗಿಯದೆ ಇಪ್ಪತ್ತನಾಲ್ಕು ವಯಸ್ಸಾದ ಹುಡುಗನಿಗೆ ಕೈಯಲ್ಲಿ ಪದವಿಯಿದ್ದರೆ ಬ್ಯಾಂಕಿನ ಅಧಿಕಾರಿ ಹುದ್ದೆಯ ಪರೀಕ್ಷೆ ಬರೆಯಬಹುದು, ಎಂ.ಕಾಂ. ಸೇರಬಹುದು, ಸರ್ಕಾರಿ ಸೇವೆಗೆ ಅರ್ಜಿ ಹಾಕಬಹುದು. ಪದವಿಯಿಲ್ಲದಿದ್ದರೆ ಅವನ ಶೈಕ್ಷಣಿಕ ಅರ್ಹತೆ ಮತ್ತೆ ಇಂಟರ್‌ಮೀಡಿಯೆಟ್ಟೇ. ತರಗತಿಗೆ ಹೋಗಲು ಬಿಡುವಿಲ್ಲದವರಿಗೆ ದೂರಶಿಕ್ಷಣವಿದೆ. 1982ರಲ್ಲಿ ಸ್ಥಾಪಿತವಾದ, ದೇಶದ ಪ್ರಥಮ ಮುಕ್ತ ವಿಶ್ವವಿದ್ಯಾನಿಲಯ ಇರುವುದು ನಮ್ಮ ಹೈದರಾಬಾದಿನಲ್ಲಿಯೇ, ಅದೀಗ ಡಾ. ಬಿ.ಆರ್. ಅಂಬೇಡ್ಕರ್ ಮುಕ್ತ ವಿಶ್ವವಿದ್ಯಾನಿಲಯ. ಆರ್ಟಿಕಲ್‌ಶಿಪ್ ಅವಧಿಯಲ್ಲಿ ಬೇರೆ ವ್ಯಾಸಂಗಕ್ಕೆ ಸಂಸ್ಥೆಯ ಅನುಮತಿ ಬೇಕಾಗುವುದರಿಂದ ಅದನ್ನು ವಿಧಿವತ್ತಾಗಿ ಪಡೆದಿರಬೇಕು.

ದಾರಿ ಬದಲಿಸಬೇಕಾಗಿ ಬಂದರೂ ಹಿಂದಿನ ಶ್ರಮವೆಲ್ಲ ವ್ಯರ್ಥವಾಗುವುದಿಲ್ಲ. ವಾಣಿಜ್ಯ ಪದವಿಯಲ್ಲಿ ಶೇಕಡ 55 ಅಂಕ ಪಡೆದವರು ಫೌಂಡೇಶನ್ ಬರೆಯದೆಯೇ ಸಿ.ಎ. ಇಂಟರ್‌ಮೀಡಿಯೆಟ್ಟಿಗೆ ಸೇರಬಹುದು. ಸಿ.ಎಂ.ಎ.ಯ ಇಂಟರ್‌ಮೀಡಿಯೆಟ್ಟನ್ನೋ ಸಿ.ಎಸ್.ನ ಎಕ್ಸಿಕ್ಯುಟಿವ್ ಹಂತವನ್ನೋ ಮುಗಿಸಿದವರಿಗೂ ಆ ಸೌಲಭ್ಯವಿದೆ. ಹಾಗೆಂದು ಆರಂಭದಲ್ಲಿಯೇ ಎರಡು ಮೂರು ವ್ಯಾಸಂಗಗಳಿಗೆ ಒಟ್ಟಿಗೆ ಸೇರಿಸುವುದು ಸಾಮಾನ್ಯ ವಿದ್ಯಾರ್ಥಿಗೆ ಹಿತವಲ್ಲ. ಎರಡು ದೋಣಿಯಲ್ಲಿ ಕಾಲಿಟ್ಟವನ ಗಾದೆ ನಮಗೆಲ್ಲ ಗೊತ್ತಿದೆ.

ಸಹಿಯ ಬೆಲೆ

ಈ ವೃತ್ತಿಗಳ ಸಂಬಳವನ್ನು ಕುರಿತು ಮಾತನಾಡುವವರು ಬಹಳ. ಹೊಣೆಯನ್ನು ಕುರಿತು ಮಾತನಾಡುವವರು ಕಡಿಮೆ. ನಮ್ಮ ನಗರದ ಸತ್ಯಂ ಕಂಪನಿಯ ಲೆಕ್ಕಗಳಲ್ಲಿ ಇಲ್ಲದ ಹಣವನ್ನು ಇದೆಯೆಂದು ತೋರಿಸಲಾಗಿತ್ತು ಎಂಬ ಸಂಗತಿಯನ್ನು ಅದರ ಅಧ್ಯಕ್ಷರೇ 2009ರ ಜನವರಿ 7ರಂದು ಪತ್ರ ಬರೆದು ಬಹಿರಂಗಪಡಿಸಿದರು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಪು ನೀಡಿದವರಲ್ಲಿ ಲೆಕ್ಕಪರಿಶೋಧಕರೂ ಇದ್ದರು. ದೊಡ್ಡ ಕಂಪನಿಗಳ ಲೆಕ್ಕಪರಿಶೋಧನೆಯ ಮೇಲ್ವಿಚಾರಣೆಗೆ 2018ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ಪ್ರಾಧಿಕಾರವನ್ನೇ ರಚಿಸಿತು. 2019ರಿಂದ ಚಾರ್ಟರ್ಡ್ ಅಕೌಂಟೆಂಟರು ನೀಡುವ ಪ್ರಮಾಣಪತ್ರಗಳಿಗೆ 18 ಅಂಕಿಗಳ ಗುರುತು ಸಂಖ್ಯೆ ಕಡ್ಡಾಯವಾಗಿದ್ದು, ಸಾಲದ ಅರ್ಜಿಯೊಡನೆ ಬಂದ ಪ್ರಮಾಣಪತ್ರ ನಿಜವೋ ನಕಲಿಯೋ ಎಂದು ಬ್ಯಾಂಕಿನವರು ಕುಳಿತಲ್ಲಿಯೇ ಪರೀಕ್ಷಿಸಬಹುದು. ಈ ಸಂಗತಿಗಳನ್ನು ಹೇಳುವ ಉದ್ದೇಶ ಹೆದರಿಸುವುದಲ್ಲ. 'ಸಹಿ ಹಾಕಲಾರೆ' ಎಂದು ಹೇಳುವ ಧೈರ್ಯವೂ ಈ ವಿದ್ಯೆಯ ಒಂದು ಭಾಗ. ಮಗುವಿಗೆ ಇದನ್ನು ಮೊದಲೇ ತಿಳಿಸಿರಬೇಕು.

ವಿದ್ಯಾರ್ಥಿಯ ಆರೋಗ್ಯ

ದೀರ್ಘಾವಧಿಯ ಈ ವ್ಯಾಸಂಗಗಳಲ್ಲಿ ಬುದ್ಧಿಗಿಂತ ಮೊದಲು ದಣಿಯುವುದು ದೇಹ. ಬೆಳಗಿನ ತರಗತಿ, ಹಗಲು ಕಚೇರಿ, ರಾತ್ರಿ ಓದು, ನಡುವೆ ಚಹಾ ಮತ್ತು ಕರಿದ ತಿಂಡಿ: ಹೀಗೆ ಎರಡು ವರ್ಷ ಕಳೆದರೆ ಪರೀಕ್ಷೆಯ ಹೊತ್ತಿಗೆ ಶಕ್ತಿ ಉಳಿಯುವುದಿಲ್ಲ. ಹದಿನೆಂಟರವರೆಗಿನ ಮಕ್ಕಳಿಗೆ 8 ಗಂಟೆಯಾದರೂ, ಆಮೇಲೆ 7 ಗಂಟೆಯಾದರೂ ನಿದ್ರೆ ಅವಶ್ಯಕ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಬೇಕಾದುದರಿಂದ, ರಾತ್ರಿಯೆಲ್ಲ ಎಚ್ಚರವಿದ್ದು ಗಳಿಸಿದ್ದನ್ನು ಬೆಳಗಿಗೆ ಕಳೆದುಕೊಳ್ಳುವುದೇ ಹೆಚ್ಚು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯುವುದು, ಪರದೆಯಿಂದ ಆಗಾಗ ಕಣ್ಣು ತೆಗೆದು ದೂರಕ್ಕೆ ನೋಡುವುದು, ಹೊತ್ತಿಗೆ ಸರಿಯಾಗಿ ರೊಟ್ಟಿ-ಪಲ್ಯವೋ ಅನ್ನ-ಸಾರೋ ಉಣ್ಣುವುದು ವೆಚ್ಚವಿಲ್ಲದ ಔಷಧಿಗಳು. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಆರ್ಟಿಕಲ್‌ಶಿಪ್ಪಿಗೆ ಕಚೇರಿ ಆರಿಸುವಾಗ ಹೆಸರಿನ ಜೊತೆಗೆ ದೂರವನ್ನೂ ನೋಡಬೇಕು. 2018ರ ಸೆಪ್ಟೆಂಬರಿನಲ್ಲಿ ಎಲ್.ಬಿ. ನಗರದಿಂದ ಅಮೀರ್‌ಪೇಟೆಯವರೆಗಿನ ಮೆಟ್ರೋ ಮಾರ್ಗ ತೆರೆದ ಮೇಲೆ, ದಿಲ್‌ಸುಖ್‌ನಗರದವರಿಗೆ ನಾಂಪಲ್ಲಿ, ಲಕ್ಡೀಕಾಪೂಲ್, ಖೈರತಾಬಾದ್ ಕಡೆಯ ಕಚೇರಿಗಳು ಒಂದೇ ಗಾಡಿಯ ದೂರದಲ್ಲಿವೆ. ದಿನಕ್ಕೆ ಒಂದು ಗಂಟೆ ಉಳಿದರೆ ಎರಡು ವರ್ಷಗಳಲ್ಲಿ ಅದೆಷ್ಟಾಗುವುದೆಂದು ಲೆಕ್ಕ ಬಲ್ಲವರಿಗೆ ಹೇಳಬೇಕಾಗಿಲ್ಲ.

ಮನಸ್ಸಿನ ಆರೋಗ್ಯ ಇದಕ್ಕಿಂತಲೂ ಸೂಕ್ಷ್ಮವಾದುದು. 2019ರ ಏಪ್ರಿಲ್‌ನಲ್ಲಿ ತೆಲಂಗಾಣದ ಇಂಟರ್‌ಮೀಡಿಯೆಟ್ ಫಲಿತಾಂಶ ಪ್ರಕಟವಾದ ಬಳಿಕ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರೆಂಬ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಅಂಥ ಪರೀಕ್ಷೆಗಳನ್ನು ಒಂದರ ಮೇಲೊಂದರಂತೆ ಐದು ವರ್ಷ ಎದುರಿಸಬೇಕಾದ ಮಕ್ಕಳ ಮನೆಯಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು. ಮಗು ಎರಡು ವಾರಗಳಿಗೂ ಹೆಚ್ಚು ಕಾಲ ಮಂಕಾಗಿದ್ದರೆ, ನಿದ್ರೆ ಆಹಾರಗಳು ತಪ್ಪಿದ್ದರೆ, ಸ್ನೇಹಿತರ ಫೋನನ್ನೂ ತೆಗೆದುಕೊಳ್ಳದಿದ್ದರೆ, 'ನಾನಿದ್ದು ಏನು ಪ್ರಯೋಜನ' ಎಂಬಂಥ ಮಾತು ಒಮ್ಮೆ ಬಂದರೂ, ಅದನ್ನು ಸೋಮಾರಿತನವೆಂದೋ ನಾಟಕವೆಂದೋ ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳು ಉಚಿತವಾಗಿ ದೊರೆಯುವ ಈ ಸೇವೆಯಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಪರಸ್ಥಳದಲ್ಲಿ ಒಂಟಿಯಾಗಿ ಹಾಸ್ಟೆಲಿನಲ್ಲಿರುವ ಕನ್ನಡದ ಮಕ್ಕಳಿಗೆ ಈ ಸಂಖ್ಯೆಯನ್ನು ಮೊದಲ ದಿನವೇ ಬರೆದುಕೊಡುವುದು ಒಳಿತು.

ಫಲಿತಾಂಶದ ದಿನಕ್ಕೆ ಮುಂಚೆಯೇ ಮನೆಯಲ್ಲಿ ಒಂದು ಒಪ್ಪಂದವಾಗಿರಲಿ. ಒಂದು ಹಂತಕ್ಕೆ ಇಷ್ಟು ಪ್ರಯತ್ನಗಳು ಎಂದು ಎಲ್ಲರೂ ಕೂಡಿ ನಿರ್ಧರಿಸಿ, ಅಲ್ಲಿಯವರೆಗೆ ಬೇಸರವಿಲ್ಲದೆ ಬೆಂಬಲಿಸಿ, ಆಮೇಲೆ ದಾರಿ ಬದಲಿಸಬೇಕಾದರೆ ನಾಚಿಕೆಯಿಲ್ಲದೆ ಬದಲಿಸುವುದೇ ಆ ಒಪ್ಪಂದ. ಬ್ಯಾಂಕು ಕೂಡ ಪ್ರಾಮಾಣಿಕನಾದ ಸಾಲಗಾರನಿಗೆ ಕಂತು ತಪ್ಪಿದಾಗ ಅವಧಿಯನ್ನು ಮರುಹೊಂದಿಸಿ ಕೊಡುತ್ತದೆ. ಹೆತ್ತವರು ಬ್ಯಾಂಕಿಗಿಂತ ಕಠಿಣರಾಗಬಾರದು.

ಉಪಸಂಹಾರ

ಇಷ್ಟು ವಿವರಗಳ ನಂತರ ಯಾವುದನ್ನು ಆರಿಸಬೇಕೆಂದು ಯಾರಾದರೂ ಕೇಳಿದರೆ, ಒಂದು ಚಿಕ್ಕ ಕಾರ್ಯವನ್ನು ಸೂಚಿಸುತ್ತೇನೆ. ನೋಂದಣಿಗೆ ಮೊದಲು ಮಗುವನ್ನು ಒಬ್ಬ ಲೆಕ್ಕಪರಿಶೋಧಕರ ಕಚೇರಿಗೆ, ಒಬ್ಬ ವೆಚ್ಚ ಲೆಕ್ಕಿಗರ ಬಳಿಗೆ, ಒಬ್ಬ ಕಂಪನಿ ಸೆಕ್ರೆಟರಿಯ ಬಳಿಗೆ ಕಳುಹಿಸಿ, ಅವರು ದಿನವಿಡೀ ಮಾಡುವ ಕೆಲಸವನ್ನು ನೋಡಿ ಬರಲು ಹೇಳಿ. ನಮ್ಮ ಸಂಘದಲ್ಲಿ ಈ ವೃತ್ತಿಗಳವರು ಇದ್ದರೆ ವರ್ಷಕ್ಕೊಂದು ಭಾನುವಾರವನ್ನು ಇಂಟರ್ ಮುಗಿಸಿದ ಮಕ್ಕಳಿಗೆ ಮೀಸಲಿಡಲಿ. ಮಕ್ಕಳು ಪ್ರಶ್ನೆ ಕೇಳಲಿ, ಹಿರಿಯರು ತಮ್ಮ ಕಷ್ಟಸುಖಗಳನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ಆ ಮೂರು ಭೇಟಿಗಳ ನಂತರ ಮಗುವಿನ ಬಾಯಿಂದ ಬರುವ ಉತ್ತರವನ್ನು ಮನೆಯವರು ಗೌರವಿಸಬೇಕು. ತಾನೇ ಆರಿಸಿದ ದಾರಿಯಲ್ಲಿ ಎಡವಿದ ಮಗು ಎದ್ದು ನಡೆಯುವ ಸಂಭವ, ಇನ್ನೊಬ್ಬರು ನೂಕಿದ ದಾರಿಯಲ್ಲಿ ಎಡವಿದ ಮಗುವಿಗಿಂತ ಹೆಚ್ಚು.

ಈ ವರ್ಷ ಇಂಟರ್ ಮುಗಿಸುತ್ತಿರುವ ನಮ್ಮ ಬಳಗದ ಮಕ್ಕಳೆಲ್ಲರೂ ತಮಗೆ ಒಪ್ಪುವ ವಿದ್ಯೆಯನ್ನು ಆರಿಸಿಕೊಂಡು, ಆರೋಗ್ಯವನ್ನು ಕಾಪಾಡಿಕೊಂಡು, ತಮ್ಮ ಸಹಿಗೆ ಬೆಲೆ ಬರುವಂತೆ ಬಾಳಲೆಂದು ಹಾರೈಸುತ್ತೇನೆ.